ಸೌದೆ ಒಲೆ ವಿಪರೀತ ಕಾದಿತ್ತೇ? ಮತ್ತೆ ಹಚ್ಚುವ ಮೊದಲು ಇಷ್ಟು ನೋಡಿ

ಕಬ್ಬಿಣದ ಸೌದೆ ಒಲೆ ಕೆಂಪಗೆ ಕಾದು ಆಮೇಲೆ ತಣ್ಣಗಾದರೆ, ಹೊರಗಿನಿಂದ ಏನೂ ಆಗದ ಹಾಗೇ ಕಾಣುತ್ತದೆ. ಮೋಸ ಹೋಗುವುದು ಅಲ್ಲೇ. ಕಬ್ಬಿಣ ಮಂಕಾಗಿಯಾದರೂ ಕೆಂಪೇರಬೇಕಾದರೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ಆಗಿರಬೇಕು. ಅಷ್ಟು ಕಾವು ತಿಂದ ಒಲೆಗೆ ಮರುದಿನವೇ ಸೌದೆ ತುಂಬುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮೊದಲು ಅದು ತಾನಾಗಿಯೇ ಆರಲಿ. ನೀರು ಮಾತ್ರ ಎರಚಬೇಡಿ. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ, ಏಳುವ ಹಬೆ ಕೈ ಮುಖ ಸುಡುತ್ತದೆ. ಒಂದು ದಿನ ಪೂರ್ತಿ ಬಿಡಿ. ಬೂದಿಯೊಳಗೆ ಕೆಂಡ ಅಡಗಿರುತ್ತದೆ. ಹಾಗಾಗಿ ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೆ ತುಂಬಿ ಮನೆಯಿಂದ ಹೊರಗಿಡಿ.

ಒಲೆ ಖಾಲಿಯಾದ ಮೇಲೆ ಬಣ್ಣ ನೋಡಿ. ಕಪ್ಪು ಬಣ್ಣ ಎಲ್ಲಿ ಬಿಳಿಚಿಕೊಂಡು ಬೂದು ಆಗಿದೆಯೋ ಅಲ್ಲೇ ಕಾವು ಜಾಸ್ತಿ ಬಿದ್ದಿದೆ. ಆ ಜಾಗದ ಹಿಂದೆ ಒಳಗೇನಾಗಿದೆ ಎಂದು ಹುಡುಕಿ. ರಾತ್ರಿ ಕೋಣೆಯ ದೀಪ ಆರಿಸಿ, ಟಾರ್ಚ್ ಹಚ್ಚಿ ಒಲೆಯೊಳಗಿಟ್ಟು ಬಾಗಿಲು ಮುಚ್ಚಿ. ಹೊರಗಿನಿಂದ ಸುತ್ತಲೂ ನೋಡುತ್ತಾ ಹೋದರೆ, ಬಿರುಕಿದ್ದ ಕಡೆ ಬೆಳಕಿನ ಗೆರೆ ಕಾಣುತ್ತದೆ. ತಗಡುಗಳು ಸೇರುವ ಸಂದಿನಲ್ಲಿ ತುಂಬಿದ್ದ ಸಿಮೆಂಟ್ ಉದುರಿದ್ದರೆ ಭಯವಿಲ್ಲ, ಒಲೆಗೆಂದೇ ಸಿಗುವ ಸಿಮೆಂಟನ್ನು ಮತ್ತೆ ತುಂಬಬಹುದು. ಆದರೆ ಒಲೆಯ ಮೈಯೇ ಸೀಳಿದ್ದರೆ ಅದಕ್ಕೆ ಏನು ಮೆತ್ತಿದರೂ ನಿಲ್ಲುವುದಿಲ್ಲ. ಆ ಭಾಗವನ್ನೇ ಬದಲಿಸಬೇಕು, ಇಲ್ಲವೇ ಒಲೆಯನ್ನೇ.

ಒಳಗೆ ಮೇಲ್ಭಾಗದಲ್ಲಿ ಜ್ವಾಲೆಯನ್ನು ತಡೆಯುವ ಒಂದು ಅಡ್ಡ ಹಲಗೆ ಇರುತ್ತದೆ. ಮೊದಲು ಸೊಟ್ಟಗಾಗುವುದು ಅದೇ. ನಡುವೆ ಜೋತುಬಿದ್ದಿದ್ದರೆ ಬೆಂಕಿ ನೇರವಾಗಿ ಕೊಳವೆಗೆ ನುಗ್ಗುತ್ತದೆ. ಒಳಗಿನ ಇಟ್ಟಿಗೆಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದು, ಅವು ಜಾಗದಲ್ಲೇ ಕೂತಿದ್ದರೆ ಪರವಾಗಿಲ್ಲ. ಪುಡಿ ಉದುರುತ್ತಿದ್ದರೆ ಬದಲಿಸಿ.

ಬಾಗಿಲಿಗೆ ಸ್ವಲ್ಪ ಹೊತ್ತು ಕೊಡಿ. ಒಂದು ಕಾಗದದ ಪಟ್ಟಿಯನ್ನು ಸಿಕ್ಕಿಸಿ ಬಾಗಿಲು ಹಾಕಿ, ಎಳೆದು ನೋಡಿ. ಬಿಗಿಯಾಗಿ ಹಿಡಿದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ಒಳನುಗ್ಗುತ್ತಿದೆ ಎಂದರ್ಥ. ಹೀಗೆ ನಾಲ್ಕೂ ಬದಿ ನೋಡಿ. ಸುತ್ತಲಿನ ಹಗ್ಗದಂಥ ಗ್ಯಾಸ್ಕೆಟ್ ಗಟ್ಟಿಯಾಗಿ ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಹೊಸದಕ್ಕೂ ಕಾಗದ ಜಾರಿದರೆ ಬಾಗಿಲೇ ಸೊಟ್ಟಗಾಗಿರಬಹುದು. ಎಷ್ಟೋ ಸಲ ಒಲೆ ಹತೋಟಿ ತಪ್ಪಿದ್ದೇ ಇಂಥ ಸಂದಿನಿಂದ ಗಾಳಿ ಸಿಕ್ಕಿದ್ದಕ್ಕೆ. ಬೂದಿ ತೆಗೆಯುವ ಬಾಗಿಲನ್ನು ತೆರೆದಿಟ್ಟು ಬೆಂಕಿ ಎಬ್ಬಿಸುವುದು ಇನ್ನೊಂದು ಕೆಟ್ಟ ಅಭ್ಯಾಸ. ಬೇಗ ಹೊತ್ತಲಿ ಅಂತ ಮಾಡ್ತಾರೆ, ಆಮೇಲೆ ಮರೆತುಬಿಡ್ತಾರೆ.

ಒಲೆ ಹಾಳಾದರೆ ಒಲೆಯ ಬೆಲೆ ಹೋಯಿತು. ಚಿಮಣಿ ಹಾಳಾದರೆ ಮನೆಯೇ ಹೋಗಬಹುದು. ಒಲೆಯಿಂದ ಹೊರಡುವ ಕೊಳವೆಯ ಕೀಲುಗಳು ಬಿಟ್ಟುಕೊಂಡಿವೆಯಾ, ಸ್ಕ್ರೂ ಸಡಿಲವಾಗಿವೆಯಾ, ತಗಡು ಉಬ್ಬಿದೆಯಾ ನೋಡಿ. ಆಮೇಲೆ ಚಿಮಣಿಯೊಳಗೆ ಬೆಂಕಿ ಹತ್ತಿತ್ತೇ ಎಂಬುದನ್ನು ಪತ್ತೆ ಮಾಡಿ. ಒಳಗೆ ಕಟ್ಟಿದ ಮಸಿ ಡಾಂಬರಿನಂತೆ ಕಪ್ಪಗೆ ಹೊಳೆಯುವುದರ ಬದಲು ಬೂದು ಬಣ್ಣಕ್ಕೆ ತಿರುಗಿ, ಜೇನುಗೂಡಿನ ಹಾಗೆ ಉಬ್ಬಿ ಹಗುರಾಗಿದ್ದರೆ, ಬೆಂಕಿ ಹತ್ತಿತ್ತು ಎಂದೇ ತಿಳಿಯಿರಿ. ಮಸಿಗೆ ಹೊತ್ತಿದ ಬೆಂಕಿ 1000 ಡಿಗ್ರಿ ಮುಟ್ಟಬಲ್ಲದು. ಕೆಲವೊಮ್ಮೆ ಭೋರ್ ಎಂದು ಸದ್ದಾಗುತ್ತದೆ, ಕೆಲವೊಮ್ಮೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಚಿಮಣಿಯ ಬುಡದಲ್ಲಿ ಮಣ್ಣಿನ ಕೊಳವೆಯ ಚೂರು ಬಿದ್ದಿದ್ದರೆ ಒಳಪದರ ಒಡೆದಿದೆ. ಸ್ಟೀಲ್ ಕೊಳವೆಯಾದರೆ ಡೊಂಕಾಗಿರುತ್ತದೆ, ಬಣ್ಣ ಕೆಟ್ಟಿರುತ್ತದೆ. ಮೇಲಿನ ಟೋಪಿ ವಕ್ರವಾಗಿದೆಯಾ ಎಂದು ನೋಡಲು ಮಾಡು ಹತ್ತಬೇಕಿಲ್ಲ, ನೆಲದಲ್ಲೇ ನಿಂತು ದುರ್ಬೀನು ಹಿಡಿದರೆ ಸಾಕು.

ಅಟ್ಟಕ್ಕೆ ಮಾತ್ರ ಹೋಗಲೇಬೇಕು. ಚಿಮಣಿ ಹಾದುಹೋಗುವ ಕಡೆ ಮರದ ತೊಲೆ, ಹಲಗೆ ಕಂದಿದೆಯಾ, ಸುಟ್ಟ ವಾಸನೆ ಇದೆಯಾ ಗಮನಿಸಿ. ವರ್ಷಗಟ್ಟಲೆ ಕಾವು ತಿಂದ ಮರ ಹೊಸ ಮರಕ್ಕಿಂತ ಬೇಗ ಹೊತ್ತಿಕೊಳ್ಳುತ್ತದೆ. ಅಲ್ಲಿ ಸ್ವಲ್ಪ ಕಪ್ಪು ಕಂಡರೂ ಒಲೆ ಹಚ್ಚುವ ಮಾತೇ ಬೇಡ.

ಚಿಮಣಿಯ ನಡುಭಾಗ ನಮ್ಮ ಕಣ್ಣಿಗೆ ಸಿಗುವುದಿಲ್ಲ. ಒಳಗೆ ಕ್ಯಾಮೆರಾ ಇಳಿಸಿ ನೋಡುವ ಕೆಲಸದವರನ್ನು ಕರೆಸಿ. ಖರ್ಚಾಗುತ್ತದೆ, ಆದರೆ ಈ ಖರ್ಚಿನಲ್ಲಿ ಜುಗ್ಗತನ ಬೇಡ. ಬಿರುಕಿನಿಂದ ಬರೀ ಬೆಂಕಿಯಲ್ಲ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡ ಮನೆಯೊಳಗೆ ಸೋರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಪತ್ತೆ ಹಚ್ಚುವ ಅಲಾರಂ ಇಲ್ಲದಿದ್ದರೆ ಈಗಲೇ ಹಾಕಿಸಿಬಿಡಿ.

ಎಲ್ಲ ಸರಿಯಿದೆ ಎಂದು ಅವರು ಹೇಳಿದ ಮೇಲೆ, ಹಗಲು ಹೊತ್ತಿನಲ್ಲಿ ಸಣ್ಣ ಬೆಂಕಿ ಹಚ್ಚಿ ಪಕ್ಕದಲ್ಲೇ ಕೂತಿರಿ. ಕೊಳವೆಗೆ ಅಂಟಿಸುವ ಥರ್ಮಾಮೀಟರ್ ಇದ್ದರೆ ಕಾವು ಏರುವುದು ಮೊದಲೇ ಗೊತ್ತಾಗುತ್ತದೆ. ಮರುದಿನ ಕೀಲುಗಳ ಸುತ್ತ ಹೊಸ ಮಸಿಯ ಗೆರೆ ಮೂಡಿದೆಯಾ ಅಂತ ಒಮ್ಮೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ.