ಫೇಸ್‌ಲಿಫ್ಟ್ ಯಾವಾಗ ಮಾಡಿಸ್ಕೊಳ್ಳೋದು? ವಯಸ್ಸು ಆಮೇಲೆ, ಮೊದಲು ಬಿಪಿನೂ ಕಾಫಿ ಕುಯ್ಲೂ ನೋಡಿ

ಫೇಸ್‌ಲಿಫ್ಟ್ (ಜೋತುಬಿದ್ದ ಮುಖ ಬಿಗಿ ಮಾಡೋ ಸರ್ಜರಿ) ಮಾಡಿಸ್ಕೊಂಡಿದೀನಿ ಅಂತ ನಾನೇ ಬಾಯಿಬಿಟ್ಟು ಹೇಳಿದ್ಮೇಲೆ ನಮ್ಮ ಕಡೆ ಹೆಂಗಸರು ನನ್ನ ಒಂದು ಮೂಲೆಗೆ ಕರ್ಕೊಂಡು ಹೋಗಿ ಕೇಳೋದು ಒಂದೇ ಪ್ರಶ್ನೆ, ಎಷ್ಟನೇ ವಯಸ್ಸಿಗೆ ಮಾಡಿಸ್ಕೋಬೇಕು? ನಲವತ್ತೈದಕ್ಕಾ, ಐವತ್ತಕ್ಕಾ, ಅರವತ್ತು ದಾಟಿದ್ರೆ ಲೇಟಾಯ್ತಾ? ನಾನು 56ಕ್ಕೆ ಮಾಡಿಸ್ಕೊಂಡೆ. ಸಾಮಾನ್ಯವಾಗಿ ನಲವತ್ತು ದಾಟಿದವರಿಂದ ಹಿಡಿದು ಅರವತ್ತು ಚಿಲ್ಲರೆವರೆಗೆ ಮಾಡಿಸ್ಕೋತಾರೆ, ಆರೋಗ್ಯ ಗಟ್ಟಿ ಇದ್ರೆ ಎಪ್ಪತ್ತಾದೋರೂ ಇದಾರೆ. ಆದ್ರೆ ಹುಟ್ಟಿದ ವರ್ಷ ಈ ಲೆಕ್ಕದಲ್ಲಿ ಕೊನೆಗೆ ಬರುತ್ತೆ ನೋಡಿ. ಮೊದಲು ಮುಖದಲ್ಲಿ ಇಳಿದಿರೋದು ಏನು ಅಂತ ನೋಡ್ಬೇಕು, ಆಮೇಲೆ ಬಿಪಿ, ಆಮೇಲೆ ಕ್ಯಾಲೆಂಡರು, ಅದ್ರಲ್ಲೂ ನಮ್ಮ ಕೊಡಗಲ್ಲಿ ತೋಟ ಇಟ್ಕೊಂಡಿರೋರಿಗೆ ಕ್ಯಾಲೆಂಡರೇ ಅರ್ಧ ತೀರ್ಮಾನ ಮಾಡ್ಬಿಡುತ್ತೆ.

ಮನೇಲೇ ಮಾಡೋ ಪರೀಕ್ಷೆ ಒಂದಿದೆ, ಕಾಸು ಖರ್ಚಿಲ್ಲ. ಕೈಗನ್ನಡಿ ತಗೊಂಡು ಮಂಚದ ಮೇಲೆ ಅಂಗಾತ ಮಲಗಿ ಕನ್ನಡಿ ಮೇಲೆ ಹಿಡಿದು ಮುಖ ನೋಡ್ಕೊಳ್ಳಿ, ಮಲಗಿದಾಗ ಕೆನ್ನೆ ಕಿವಿ ಕಡೆಗೆ ಜಾರಿ ದವಡೆ ಗೆರೆ ಕಾಣುತ್ತಲ್ಲ, ಸರ್ಜರಿಯಿಂದ ಬರೋದು ಹೆಚ್ಚುಕಮ್ಮಿ ಅಷ್ಟೇ. ಈಗ ಕನ್ನಡಿ ಟೇಬಲ್ ಮೇಲಿಟ್ಟು ಬಗ್ಗಿ ನೋಡಿ (ಹೆದರ್ಕೋಬೇಡಿ, ಎಲ್ಲರದ್ದೂ ಹಂಗೇ ಇರುತ್ತೆ). ಎರಡಕ್ಕೂ ಭಾರೀ ವ್ಯತ್ಯಾಸ ಇದ್ರೆ ಡಾಕ್ಟರ್ ಹತ್ರ ಮಾತಾಡೋದ್ರಲ್ಲಿ ಅರ್ಥ ಇದೆ, ಅಷ್ಟೇನಿಲ್ಲ ಅಂದ್ರೆ ನಿಮಗಿನ್ನೂ ಟೈಮಿದೆ, ಆರಾಮಾಗಿರಿ. ಯಾಕಂದ್ರೆ ಇದರ ಫಲ ಸುಮಾರು ಏಳರಿಂದ ಹತ್ತು ವರ್ಷ ಇರುತ್ತೆ ಅಂತಾರೆ, ಮುಖ ಮತ್ತೆ ಇಳಿಯೋಕೆ ಶುರು ಆಗೇ ಆಗುತ್ತೆ, ಇಳಿಯೋಕೆ ಮುಂಚೆನೇ ಎತ್ತಿಸ್ಕೊಂಡ್ರೆ ದುಡ್ಡೂ ದಂಡ, ಗಾಯದ ಗುರುತೂ ಉಳ್ಕೊಳ್ಳುತ್ತೆ.

ಇನ್ನೊಂದು, ಫೇಸ್‌ಲಿಫ್ಟ್ ಅಂದ ತಕ್ಷಣ ಇಡೀ ಮುಖ ಹೊಸದಾಗುತ್ತೆ ಅನ್ಕೋಬೇಡಿ. ಕಿವಿ ಸುತ್ತ ಕೂದಲಂಚಲ್ಲಿ ಕೊಯ್ದು, ತೊಗಲಿನ ಕೆಳಗೆ ಸ್ಮಾಸ್ ಅನ್ನೋ ಪದರ ಇದೆಯಲ್ಲ ಅದನ್ನ ಎತ್ತಿ ಬಿಗಿ ಮಾಡಿ, ಹೆಚ್ಚಾದ ತೊಗಲು ತೆಗೆದು ಹೊಲೀತಾರೆ. ಜೋತುಬಿದ್ದ ಕೆನ್ನೆ, ದವಡೆ ಪಕ್ಕದ ಚೀಲ, ಕತ್ತಿನ ತೊಗಲು, ಇವಕ್ಕೆ ಇದು ಸರಿ. ಕಣ್ಣಿನ ರೆಪ್ಪೆ ಊದಿದ್ರೆ ಅದಕ್ಕೆ ಬೇರೆ ಸರ್ಜರಿ, ತುಟಿ ಮೇಲಿನ ಸಣ್ಣ ಗೆರೆಗೆ ಲೇಸರ್ ಥರದ್ದು, ಬಂಗಿಗೆ ಇದು ಏನೂ ಮಾಡಲ್ಲ. ವರ್ಷಾನುಗಟ್ಟಲೆ ಬಿಸಿಲಲ್ಲಿ ಕಣದ ಹತ್ರ ನಿಂತು ಕಾಫಿ ಒಣಗಿಸಿರೋ ನಮ್ಮಂಥೋರಿಗೆ ಬಂಗೇ ದೊಡ್ಡ ಕಾಟ, ಅದಕ್ಕೆ ಸ್ಕಿನ್ ಡಾಕ್ಟರೂ ಸನ್‌ಸ್ಕ್ರೀನೂ ಸಾಕು, ಕತ್ತರಿ ಬೇಡ. ನಮ್ಮ ಅತ್ತಿಗೆ ಒಬ್ರು ಎರಡು ವರ್ಷ ಫೇಸ್‌ಲಿಫ್ಟ್ ಫೇಸ್‌ಲಿಫ್ಟ್ ಅಂತ ಜಪ ಮಾಡ್ತಿದ್ರು, ಕೊನೆಗೆ ನೋಡಿದ್ರೆ ಅವರಿಗೆ ಬೇಜಾರಿದ್ದಿದ್ದು ಬರೀ ಕಣ್ಣಿನ ಕೆಳಗಿನ ಚೀಲ.

ತೂಕ ಇಳಿಸೋ ಪ್ಲಾನ್ ಇದ್ರೆ ಮೊದಲು ಅದನ್ನ ಮುಗಿಸಿ. ಸರ್ಜರಿ ಆದ್ಮೇಲೆ ಹತ್ತು ಕೆಜಿ ಇಳಿಸಿದ್ರೆ ಬಿಗಿ ಮಾಡಿದ್ದೆಲ್ಲ ಮತ್ತೆ ಸಡಿಲ. ಕೆಲವು ತಿಂಗಳು ತೂಕ ಒಂದೇ ಕಡೆ ನಿಂತಿರ್ಬೇಕು.

ಈಗ ಬಿಪಿ ಕಥೆ. ನಾನು ಮೊದಲು ಹೋದ ಕಡೆ ಡಾಕ್ಟರ್ ಮುಖಾನೇ ನೋಡ್ಲಿಲ್ಲ, ಕೌನ್ಸಿಲರ್ ಅಂತ ಒಂದು ಹುಡುಗಿ ಕೂತು ಈ ತಿಂಗಳು ಆಫರ್ ಇದೆ ಮೇಡಂ, ಮುಂದಿನ ವಾರ ಸ್ಲಾಟ್ ಖಾಲಿ ಇದೆ, ಅಡ್ವಾನ್ಸ್ ಕಟ್ಟಿಬಿಡಿ ಅಂದ್ಲು. ಸೀರೆ ಅಂಗಡೀಲಿ ಆಷಾಢ ಸೇಲ್ ಇದ್ದಂಗೆ ಇತ್ತು, ಎದ್ದು ಬಂದೆ. ಎರಡನೇ ಕಡೆ ಡಾಕ್ಟರ್ ಕೂತ ತಕ್ಷಣ ಕೈಗೆ ಪಟ್ಟಿ ಸುತ್ತಿದ್ರು, 154/96, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದ್ರು, ಹಂಗೇ ಇತ್ತು. ಮನೆಗೆ ಹೋಗಿ ಫಿಸಿಷಿಯನ್‌ಗೆ ತೋರಿಸಿ ಮಾತ್ರೆ ಶುರು ಮಾಡಿ, ದಿನಾ ಬೆಳಿಗ್ಗೆ ಸಂಜೆ ಬುಕ್ಕಲ್ಲಿ ಬರೀರಿ, ಮೂರು ತಿಂಗಳು ಬಿಟ್ಟು ಬನ್ನಿ ಅಂತ ವಾಪಸ್ ಕಳಿಸಿದ್ರು. ಆವಾಗ ಸಿಟ್ಟು ಬಂತು, ಆಮೇಲೆ ಅರ್ಥ ಆಯ್ತು. ಈ ಸರ್ಜರೀಲಿ ಜಾಸ್ತಿ ಕಾಣಿಸ್ಕೊಳ್ಳೋ ತೊಂದರೆ ಅಂದ್ರೆ ತೊಗಲಿನ ಕೆಳಗೆ ರಕ್ತ ತುಂಬ್ಕೊಳ್ಳೋದು, ಹೆಮಟೋಮ ಅಂತಾರೆ, ಹೆಚ್ಚಾಗಿ ಮೊದಲ 24 ಗಂಟೇಲಿ ಆಗುತ್ತೆ, ಬಿಪಿ ಏರಿದ್ರೆ ಅದು ಆಗೋ ಸಾಧ್ಯತೆನೂ ಏರುತ್ತೆ. ಗಂಡಸರಿಗೆ ಇನ್ನೂ ಜಾಸ್ತಿ. ಆ ಬುಕ್ಕಲ್ಲಿ 120-130ರ ಆಸುಪಾಸು ಸಾಲಾಗಿ ಬರೋಕೆ ಶುರುವಾದ ದಿನವೇ ನನ್ನ ಪ್ರಕಾರ ನನಗೆ ಮುಹೂರ್ತ ಸಿಕ್ಕಿದ್ದು.

ಸಿಗರೇಟ್ ಸೇದೋರು ಕೇಳಿಸ್ಕೊಳ್ಳಿ, ಸರ್ಜರಿಗೆ ಕಡಿಮೆ ಅಂದ್ರೂ ನಾಲ್ಕು ವಾರ ಮುಂಚೆ ನಿಲ್ಲಿಸ್ಬೇಕು, ಆಮೇಲೂ ನಾಲ್ಕು ವಾರ ಮುಟ್ಟಂಗಿಲ್ಲ. ನಿಕೋಟಿನ್ ರಕ್ತನಾಳ ಕುಗ್ಗಿಸಿ ಕಿವಿ ಹಿಂದಿನ ತೊಗಲು ಕಪ್ಪಗಾಗಿ ಸತ್ತೇ ಹೋಗ್ಬಹುದು. ಡಾಕ್ಟರ್ ಹತ್ರ ಸುಳ್ಳು ಹೇಳಿದ್ರೆ ತೊಂದರೆ ಅನುಭವಿಸೋದು ನಿಮ್ಮ ಕೆನ್ನೆನೇ. ಆಸ್ಪಿರಿನ್, ರಕ್ತ ತೆಳು ಮಾಡೋ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್, ವಿಟಮಿನ್ ಇ, ಏನೇನು ನುಂಗ್ತೀರೋ ಎಲ್ಲ ಹೇಳಿ, ಆದ್ರೆ ಹಾರ್ಟ್ ಡಾಕ್ಟರ್ ಕೊಟ್ಟ ಮಾತ್ರೆನ ನೀವಾಗಿ ನಿಲ್ಲಿಸಬೇಡಿ. ಹಳೇ ಗಾಯ ಎಲ್ಲಾದ್ರೂ ಉಬ್ಬಿ ಗಂಟಾಗಿದ್ರೆ, ಕಿವಿ ಚುಚ್ಚಿಸಿದ ಜಾಗದಲ್ಲಿ ಕೆಲವರಿಗೆ ಆಗಿರುತ್ತಲ್ಲ, ಅದನ್ನೂ ತೋರಿಸಿ, ಕೊಯ್ಯೋದು ಅದೇ ಕಿವಿ ಸುತ್ತಲೇ.

ಮನಸ್ಸಿನ ಟೈಮು ಕೂಡ ನೋಡಿ. ಮನೇಲಿ ಸಾವಾಗಿ ವರ್ಷ ತುಂಬಿಲ್ಲ, ಗಂಡ ಹೆಂಡತಿ ಕೋರ್ಟು ಅಂತ ಓಡಾಡ್ತಿದೀರ, ಅಥವಾ ನಿಮಗಿಂತ ಜಾಸ್ತಿ ಇನ್ಯಾರಿಗೋ ಅರ್ಜೆಂಟಿದೆ, ಇವು ಯಾವುದಿದ್ರೂ ಸದ್ಯಕ್ಕೆ ಬೇಡ.

ಇನ್ನು ನಮ್ಮೂರಿನ ಲೆಕ್ಕ. ಹೊಲಿಗೆ ಬಿಚ್ಚೋಕೆ ವಾರ ಹತ್ತು ದಿನ, ನೀಲಿಗಟ್ಟಿದ್ದು ಇಳಿಯೋಕೆ ಎರಡು ಮೂರು ವಾರ, ಭಾರ ಎತ್ತೋದು ಬಗ್ಗಿ ಮಾಡೋ ಕೆಲಸಕ್ಕೆ ನಾಲ್ಕರಿಂದ ಆರು ವಾರ, ಊತ ಪೂರ್ತಿ ಹೋಗಿ ಮುಖ ಕೂರೋಕೆ ತಿಂಗಳುಗಳೇ ಬೇಕು. ಜೂನಿಂದ ಆಗಸ್ಟ್ ಮಳೇಲಿ ಮಾಡಿಸ್ಕೊಂಡ್ರೆ ಕರೆಂಟಿಲ್ಲ, ಮರ ಬಿದ್ದು ರೋಡ್ ಬಂದ್, 2018ರ ಆಗಸ್ಟಲ್ಲಿ ಮಡಿಕೇರಿ ಮಂಗಳೂರು ರೋಡೇ ಕುಸಿದು ಹೋಗಿದ್ದು ಯಾರು ಮರೀತಾರೆ, ಅಂಥ ದಿನ ಕೆನ್ನೆ ಒಂದು ಕಡೆ ಊದ್ಕೊಂಡ್ರೆ ಎಲ್ಲಿಗೆ ಓಡ್ತೀರ? ಡಿಸೆಂಬರಿಂದ ಫೆಬ್ರವರಿ ಅಂದ್ರೆ ಮೊದಲು ಅರೇಬಿಕಾ ಆಮೇಲೆ ರೊಬಸ್ಟಾ ಕುಯ್ಲು, ಲೇಬರ್ ಲೆಕ್ಕ, ಕಣ, ಬಿಸಿಲು, ಹಿಂದೇನೇ ಮೆಣಸು, ಆರು ವಾರ ಕೂತಿರ್ತೀನಿ ಅಂದ್ರೆ ನಿಮ್ಮನೇಲೇ ನಗ್ತಾರೆ, ಮತ್ತೆ ಹೊಸ ಗಾಯಕ್ಕೆ ಬಿಸಿಲು ಬಿದ್ರೆ ನಮ್ಮ ಬಣ್ಣದ ಚರ್ಮದಲ್ಲಿ ಕಪ್ಪು ಕಲೆ ನಿಲ್ಲುತ್ತೆ. ಕಾಫಿ ಹೂ ಅರಳಿಸೋ ಹೂಮಳೆ ಆದ್ಮೇಲೆ ಏಪ್ರಿಲ್ ಮೇ ಪೂರ್ತಿ ಮದುವೆ. ಉಳಿಯೋದು ಯಾವುದು? ಕೈಲ್‌ಪೋಳ್ದ್ ಹಬ್ಬ ಮುಗಿದು ಮಳೆ ಇಳಿಮುಖ ಆದ್ಮೇಲೆ, ಸೆಪ್ಟೆಂಬರ್ ಕೊನೆ ಅಕ್ಟೋಬರ್. ನಾನು ಮಾಡಿಸ್ಕೊಂಡಿದ್ದು ಆಗಲೇ, ತುಲಾ ಸಂಕ್ರಮಣದ ದಿನ ಎಲ್ಲ ತಲಕಾವೇರಿಗೆ ಹೋಗಿದ್ರೆ ನಾನು ಮೈಸೂರಲ್ಲಿ ಮೂರು ದಿಂಬು ಒರಗಿಸ್ಕೊಂಡು ಕೂತಿದ್ದೆ, ನವೆಂಬರ್ ಕೊನೆ ಡಿಸೆಂಬರಲ್ಲಿ ಬರೋ ಪುತ್ತರಿ ಹಬ್ಬದ ಹೊತ್ತಿಗೆ ಊತ ಬಹಳ ಮಟ್ಟಿಗೆ ಇಳಿದಿತ್ತು, ಮೇ ತಿಂಗಳ ಮದುವೆ ಫೋಟೋಗಂತೂ ಆರು ತಿಂಗಳ ಮೇಲೆ ಟೈಮ್ ಸಿಕ್ತು. ಮದುವೆಗೆ ಒಂದು ತಿಂಗಳಿದೆ ಅಂತ ಓಡ್ಬೇಡಿ, ಆಲ್ಬಂ ತುಂಬ ಊದಿದ ಮುಖ ಇರುತ್ತೆ.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 250ಕ್ಕೂ ಜಾಸ್ತಿ, ರೈಲಂತೂ ನಮ್ಮ ಜಿಲ್ಲೇಲೇ ಇಲ್ಲ. ಹಾಗಾಗಿ ಸರ್ಜರಿ ಎಲ್ಲೇ ಆಗ್ಲಿ, ಹೊಲಿಗೆ ಬಿಚ್ಚೋವರೆಗೆ ಆ ಊರಲ್ಲೇ ನೆಂಟರ ಮನೇಲೋ ರೂಮಲ್ಲೋ ಉಳ್ಕೊಳ್ಳಿ, ಮೊದಲ ರಾತ್ರಿ ಪಕ್ಕದಲ್ಲಿ ಎದ್ದು ಕೂರೋ ಒಬ್ರು ಬೇಕು, ಒಂದೇ ಕಡೆ ಸಡನ್ನಾಗಿ ಊದಿ ನೋವು ಏರ್ತಾ ಹೋದ್ರೆ ಬೆಳಗಾಗ್ಲಿ ಅಂತ ಕಾಯಂಗಿಲ್ಲ. ಡಾಕ್ಟರ್ ಬೋರ್ಡಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ ಅಂತಾರೆ) ಪ್ಲಾಸ್ಟಿಕ್ ಸರ್ಜರಿ ಡಿಗ್ರಿ ಇದೆಯಾ ನೋಡಿ, ಬರೀ ಕಾಸ್ಮೆಟಿಕ್ ಎಕ್ಸ್‌ಪರ್ಟ್ ಅಂತಿದ್ರೆ ಆಗಲ್ಲ, ಅನಸ್ತೇಶಿಯಾ ಡಾಕ್ಟರ್ ಯಾರು, ಐಸಿಯು ಇದೆಯಾ, ಮುಖದ ನರಕ್ಕೆ ಪೆಟ್ಟು ಬಿದ್ರೆ ಏನು ಮಾಡ್ತೀರ ಅಂತ ಬಾಯಿಬಿಟ್ಟು ಕೇಳಿ. ನರದ ತೊಂದರೆ ಹೆಚ್ಚಿನ ಸಲ ತಾನೇ ಸರಿಹೋಗುತ್ತೆ, ಆದ್ರೂ ಈ ಪ್ರಶ್ನೆಗೆ ಮುಖ ಗಂಟಿಕ್ಕೋ ಡಾಕ್ಟರ್ ನನಗಂತೂ ಬೇಡ. ಇನ್ಶೂರೆನ್ಸಲ್ಲಿ ಚಂದಕ್ಕೆ ಮಾಡಿಸ್ಕೊಳ್ಳೋ ಸರ್ಜರಿಗೆ ಕಾಸು ಬರಲ್ಲ, ಮೇಲೆ ಜಿಎಸ್‌ಟಿ ಬೇರೆ, ಲಕ್ಷಗಳ ಮಾತು. ಕಾಫಿ ದುಡ್ಡು ಕೈಗೆ ಬಂದ್ಮೇಲೆ ಯೋಚನೆ ಮಾಡಿ, ಸಾಲ ತೆಗೆದು ಬೇಡ.

ಮನೆಗೆ ಬಂದ್ಮೇಲೆ ಯಾರೂ ಹೇಳದೇ ಇರೋ ಒಂದು ವಿಷಯ, ಕೆನ್ನೆ ಮತ್ತೆ ಕಿವಿ ತಿಂಗಳುಗಟ್ಟಲೆ ಜೋಮು ಹಿಡಿದಂಗೆ ಇರುತ್ತೆ. ನಮ್ಮ ಚಳಿಗೆ ಬಚ್ಚಲ ಒಲೆ ಮುಂದೆ ಕೂತು ಮುಖ ಕಾಯಿಸ್ಕೊಳ್ಳೋ ಅಭ್ಯಾಸ ಇದ್ರೆ ಬಿಟ್ಬಿಡಿ, ಸುಟ್ರೂ ಗೊತ್ತಾಗಲ್ಲ, ಹಂಡೆ ನೀರನ್ನ ಕೈಯಲ್ಲಿ ನೋಡಿ ಆಮೇಲೆ ತಲೆಗೆ ಹಾಕ್ಕೊಳ್ಳಿ, ಹೇರ್ ಡ್ರೈಯರ್ ದೂರ ಇಡಿ. ತಲೆ ಮೇಲಿಂದ ಹಾಕ್ಕೊಳ್ಳೋ ನೈಟಿ ಬೇಡ, ಮುಂದೆ ಬಟನ್ ಇರೋದು ತಗೊಳ್ಳಿ. ತಲೆಗೆ ಸ್ಕಾರ್ಫ್ ಕಟ್ಟಿದ್ರೆ ನಮ್ಮೂರಲ್ಲಿ ಯಾರೂ ಯಾಕೆ ಅಂತ ಕೇಳಲ್ಲ, ಅದೊಂದು ಅನುಕೂಲ. ಓಲೆ ಮಾತ್ರ ಸ್ಪರ್ಶ ವಾಪಸ್ ಬರೋವರೆಗೆ ಹಾಕ್ಬೇಡಿ. ನಾನು ಪುತ್ತರಿಗೆ ಆಸೆಪಟ್ಟು ಹಾಕ್ಕೊಂಡೆ, ಎಡಗಡೇದು ಯಾವಾಗ ಬಿತ್ತೋ ದೇವರಿಗೇ ಗೊತ್ತು, ಮೂರು ದಿನ ಆದ್ಮೇಲೆ ತೋಟದ ಲೆಕ್ಕ ನೋಡೋ ರೈಟರ್ ಹೆಂಡತಿ ಕಣ ಗುಡಿಸುವಾಗ ಸಿಕ್ತು ಅಂತ ತಂದ್ಕೊಟ್ಲು, ತಿರುಪು ಇನ್ನೂ ಸಿಕ್ಕಿಲ್ಲ.