ಮೊದಲು ನೀರಿನ ಬಟ್ಟಲು, ಆಮೇಲೆ ಕ್ಯಾಮೆರಾ

ನಮ್ಮ ಹಿತ್ತಲಲ್ಲಿ ಒಂದು ದಾಸವಾಳದ ಗಿಡ ಇದೆ. ಅಡುಗೆಮನೆ ಕಿಟಕಿಯಿಂದ ನಾಲ್ಕು ಮೀಟರ್ ದೂರ ಇರಬಹುದು. ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ನಿಂತಿದ್ದೆ. ಹೆಬ್ಬೆರಳಿಗಿಂತ ತುಸು ದಪ್ಪ ಇರುವ ಒಂದು ಹಕ್ಕಿ ಬಂದು ಹೂವಿನ ಮೇಲೆ ಕೂತಿತು. ಕಪ್ಪು ಮೈ, ಬಗ್ಗಿದ ಕೊಕ್ಕು. ಅದು ಹೂವಿನ ಬಾಯಿಯ ಕಡೆ ಹೋಗಲೇ ಇಲ್ಲ. ಹೂವಿನ ಬುಡಕ್ಕೆ, ಹಸಿರು ತೊಟ್ಟಿನ ಪಕ್ಕಕ್ಕೆ ಕೊಕ್ಕು ಚುಚ್ಚಿತು. ಎರಡು ಸೆಕೆಂಡು, ಮತ್ತೆ ಮುಂದಿನ ಹೂವು.

ಕೈ ಒರೆಸಿಕೊಂಡು ಮೊಬೈಲ್ ತಂದೆ. ಫೋಟೊದಲ್ಲಿ ಹಕ್ಕಿ ಒಂದು ಚುಕ್ಕೆಯಷ್ಟೇ ಬಂತು. ಆದರೆ ಗಿಡದ ಹತ್ತಿರ ಹೋಗಿ ನೋಡಿದಾಗ ಒಂದೊಂದು ಹೂವಿನ ಬುಡದಲ್ಲೂ ಉಗುರಿನಿಂದ ಗೀರಿದ ಹಾಗೆ ಸಣ್ಣ ಸೀಳು ಇತ್ತು. ಮಕರಂದ ಇರುವುದು ಅಲ್ಲೇ. ಹೂವು ಉದ್ದ, ಕೊಕ್ಕು ಗಿಡ್ಡ. ಹಾಗಾಗಿ ಅದು ಪರಾಗ ಮುಟ್ಟದೆ ಹಿಂಬಾಗಿಲಿನಿಂದ ಮಕರಂದ ಕುಡಿದು ಹೋಗುತ್ತಿತ್ತು. ಆ ಸೀಳಿನ ಫೋಟೊ ನನ್ನ ಮೊದಲ ಒಳ್ಳೆಯ ಹಕ್ಕಿ ಫೋಟೊ. ಅದರಲ್ಲಿ ಹಕ್ಕಿ ಇಲ್ಲ.

ಹಿತ್ತಲಿನ ಹಕ್ಕಿಗಳ ಫೋಟೊ ತೆಗೆಯಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ಹಕ್ಕಿಯ ಹಿಂದೆ ಓಡಬೇಡಿ. ಒಂದೇ ಜಾಗದಲ್ಲಿ ಕೂತು, ಅದೇ ನಾಲ್ಕಾರು ಹಕ್ಕಿಗಳನ್ನು ದಿನಾ ನೋಡಿ. ಅದು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿ ಕೂರುತ್ತದೆ ಅಂತ ತಿಳಿದರೆ ಕ್ಯಾಮೆರಾದ ಕೆಲಸ ಅರ್ಧ ಮುಗಿದ ಹಾಗೆ.

ನೀರು ಇಡುವುದು

ಕ್ಯಾಮೆರಾ ಕೊಳ್ಳುವ ಯೋಚನೆ ಆಮೇಲೆ ಇರಲಿ. ಮೊದಲು ಒಂದು ಅಗಲವಾದ ಮಣ್ಣಿನ ಬಟ್ಟಲು ತನ್ನಿ. ಆಳ ಜಾಸ್ತಿ ಬೇಡ, ಎರಡರಿಂದ ಐದು ಸೆಂಟಿಮೀಟರ್ ಸಾಕು. ಒಳಗೆ ಎರಡು ಚಪ್ಪಟೆ ಕಲ್ಲು ಹಾಕಿ. ಸಣ್ಣ ಹಕ್ಕಿಗಳು ಕಲ್ಲಿನ ಮೇಲೆ ನಿಂತು ಕುಡಿಯುತ್ತವೆ, ಜೇನುಹುಳ ಬಿದ್ದರೂ ಹತ್ತಿ ಬರುತ್ತದೆ. ನುಣುಪಾದ ಸ್ಟೀಲ್, ಪ್ಲಾಸ್ಟಿಕ್ ಬಟ್ಟಲಲ್ಲಿ ಹಕ್ಕಿಗಳ ಕಾಲು ಜಾರುತ್ತದೆ. ನೀರನ್ನು ದಿನಾ ಬದಲಿಸಬೇಕು, ಬಟ್ಟಲನ್ನು ಉಜ್ಜಿ ತೊಳೆಯಬೇಕು. ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಗಲೀಜು ಬಟ್ಟಲಿನಿಂದ ಹಕ್ಕಿಯಿಂದ ಹಕ್ಕಿಗೆ ರೋಗವೂ ಹರಡುತ್ತದೆ.

ಎಲ್ಲಿಡಬೇಕು ಅನ್ನುವುದು ಮುಖ್ಯ. ಹಾರಿ ಹೋಗಿ ಕೂರಲು ಹತ್ತಿರದಲ್ಲಿ ಒಂದು ಪೊದೆ ಅಥವಾ ಮರ ಬೇಕು. ಆದರೆ ಬೆಕ್ಕು ಅಡಗಿ ಕೂತು ಹಾರುವಷ್ಟು ಹತ್ತಿರ ಇರಬಾರದು. ನಾನು ಬಟ್ಟಲನ್ನು ಒಂದು ಮೀಟರ್ ಎತ್ತರದ ಕಲ್ಲಿನ ಕಂಬದ ಮೇಲೆ ಇಟ್ಟಿದ್ದೇನೆ. ದೊಡ್ಡ ಗಾಜಿನ ಕಿಟಕಿ ಇದ್ದರೆ ಇನ್ನೊಂದು ವಿಷಯ ನೆನಪಿರಲಿ. ಗಾಜಿನಲ್ಲಿ ಆಕಾಶ, ಮರ ಕಾಣುತ್ತದೆ. ಹಕ್ಕಿ ಅದನ್ನೇ ನಿಜ ಅಂದುಕೊಂಡು ಡಿಕ್ಕಿ ಹೊಡೆಯುತ್ತದೆ. ಬಟ್ಟಲನ್ನು ಗಾಜಿಗೆ ತೀರಾ ಹತ್ತಿರ, ಅಂದರೆ ಒಂದು ಮೀಟರ್ ಒಳಗೆ ಇಡಿ. ಆಗ ಹಾರಿದರೂ ವೇಗ ಇರುವುದಿಲ್ಲ. ಇಲ್ಲವೇ ಹತ್ತು ಮೀಟರ್ ಆಚೆ ಇಡಿ. ಗಾಜಿನ ಹೊರಮೈಗೆ ಐದೈದು ಸೆಂಟಿಮೀಟರ್‌ಗೆ ಒಂದರಂತೆ ಬಿಳಿ ಚುಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು.

ಬಟ್ಟಲಿನ ಪಕ್ಕ ಒಂದು ಒಣ ಕೊಂಬೆ ನೆಡಿ. ಹಕ್ಕಿ ನೇರವಾಗಿ ನೀರಿಗೆ ಇಳಿಯುವುದಿಲ್ಲ. ಮೊದಲು ಹತ್ತಿರ ಎಲ್ಲಾದರೂ ಕೂತು ಸುತ್ತ ನೋಡುತ್ತದೆ. ನಿಮ್ಮ ಫೋಟೊ ಸಿಗುವುದು ಆ ಎರಡು ಮೂರು ಸೆಕೆಂಡಿನಲ್ಲೇ. ಕೊಂಬೆಯ ಹಿಂದೆ ಮೂರು ನಾಲ್ಕು ಮೀಟರ್ ಖಾಲಿ ಬಿಟ್ಟು ಆಮೇಲೆ ಗಿಡಗಳಿದ್ದರೆ ಹಿನ್ನೆಲೆ ತಾನಾಗೇ ಮಸುಕಾಗಿ, ಹಸಿರು ಬಟ್ಟೆ ಹಾಸಿದ ಹಾಗೆ ಬರುತ್ತದೆ.

ಇಷ್ಟು ಮಾಡಿ ಸುಮ್ನೆ ಬಿಡಿ. ನನ್ನ ಬಟ್ಟಲಿಗೆ ಮೊದಲ ಹಕ್ಕಿ ಬರಲು ಒಂಬತ್ತು ದಿನ ಆಯಿತು. ಬಂದದ್ದು ಕಾಗೆ. ಕಾಗೆ ನೀರು ಕುಡಿದು ಹೋದ ಮೇಲೆ ಉಳಿದವಕ್ಕೂ ಧೈರ್ಯ ಬಂತೋ ಏನೋ, ಅದೇ ವಾರ ಪಿಕಳಾರಗಳೂ ಬಂದವು.

ಮೊಬೈಲ್ ಇದ್ದರೂ ಆಗುತ್ತದೆ

ದೊಡ್ಡ ಲೆನ್ಸ್ ಇಲ್ಲದೆ ಆಗುವುದಿಲ್ಲ ಅಂತ ಜನ ಹೇಳುತ್ತಾರೆ. ದೂರದ ಹಕ್ಕಿಗೆ ಅದು ನಿಜ. ಆದರೆ ಬಟ್ಟಲಿಗೆ ಬರುವ ಹಕ್ಕಿಗೆ ಮೊಬೈಲನ್ನೇ ಹತ್ತಿರ ಕೊಂಡೊಯ್ಯಬಹುದು. ಅದನ್ನು ಬಟ್ಟಲಿನಿಂದ ಅರ್ಧ ಮೀಟರ್ ದೂರದಲ್ಲಿ, ಎರಡು ಇಟ್ಟಿಗೆಗಳ ನಡುವೆ ಗಟ್ಟಿಯಾಗಿ ನಿಲ್ಲಿಸಿ. ಕೊಂಬೆಯ ಮೇಲೆ ಫೋಕಸ್ ಲಾಕ್ ಮಾಡಿ, ವಿಡಿಯೊ ಹಚ್ಚಿ ಒಳಗೆ ಬನ್ನಿ. ಇಪ್ಪತ್ತು ನಿಮಿಷದ ವಿಡಿಯೊದಲ್ಲಿ ಹತ್ತು ಸೆಕೆಂಡು ಹಕ್ಕಿ ಸಿಕ್ಕರೂ ಕಲಿಯಲು ಬೇಕಾದಷ್ಟಾಯಿತು. ಬೆರಳಿನಿಂದ ಎಳೆದು ಜೂಮ್ ಮಾಡುವುದು ಮಾತ್ರ ಬೇಡ. ಹೆಚ್ಚಿನ ಮೊಬೈಲುಗಳಲ್ಲಿ ಅದು ಚಿತ್ರವನ್ನು ಹಿಗ್ಗಿಸುತ್ತದೆ, ಅಷ್ಟೇ. ಗರಿಯ ಗೆರೆಗಳೆಲ್ಲ ಕಲಸಿಹೋಗುತ್ತವೆ.

ಹಣ ಖರ್ಚು ಮಾಡುವುದೇ ಆದರೆ ಮೊದಲು ಒಂದು ಬೈನಾಕ್ಯುಲರ್ ಕೊಳ್ಳಿ ಅನ್ನುತ್ತೇನೆ. 8x42 ಅಂತ ಬರೆದಿರುವುದು ಹಿತ್ತಲಿಗೆ ಸರಿಯಾಗುತ್ತದೆ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಗಾಜು ಅಗಲ ಇದ್ದಷ್ಟೂ ಮುಂಜಾವಿನ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ.

ಕ್ಯಾಮೆರಾ ಇರುವವರಿಗೆ ನಾಲ್ಕು ಮಾತು. ಸಣ್ಣ ಹಕ್ಕಿ ಕೂತಿದ್ದರೂ ತಲೆ ಅಲ್ಲಾಡಿಸುತ್ತಲೇ ಇರುತ್ತದೆ. ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಸೆಕೆಂಡಿನ 1/500ಕ್ಕಿಂತ ನಿಧಾನ ಬೇಡ. ಹಾರುವಾಗ, ನೀರಲ್ಲಿ ರೆಕ್ಕೆ ಬಡಿಯುವಾಗ 1/2000 ಬೇಕು. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಗ್ರಹಿಸುವ ಶಕ್ತಿ, ಆಟೊದಲ್ಲಿರಲಿ. ಚಿತ್ರದಲ್ಲಿ ಸ್ವಲ್ಪ ಕಾಳು ಕಾಳು ಬಂದರೆ ಸರಿಮಾಡಬಹುದು, ಅಲುಗಿದ ಚಿತ್ರವನ್ನು ಸರಿಮಾಡಲಾಗುವುದಿಲ್ಲ. ಫೋಕಸನ್ನು ಕಂಟಿನ್ಯುಯಸ್‌ಗೆ ಹಾಕಿ, ಆಗ ಹಕ್ಕಿ ಅಲ್ಲಾಡಿದರೂ ಫೋಕಸ್ ಅದನ್ನು ಹಿಂಬಾಲಿಸುತ್ತದೆ. ಫೋಕಸನ್ನು ಹಕ್ಕಿಯ ಕಣ್ಣಿನ ಮೇಲೆ ಇಡಿ. ಬಾಲ ಮಸುಕಾದರೂ ನಡೆಯುತ್ತದೆ, ಕಣ್ಣು ಮಸುಕಾದರೆ ಆ ಚಿತ್ರ ಹೋದ ಹಾಗೆ. ಬೆಳ್ಳಗಿನ ಆಕಾಶದ ಮುಂದೆ ಕೂತ ಹಕ್ಕಿ ಬರೀ ನೆರಳಾಗಿ ಬರುತ್ತದೆ, ಆಗ ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ, ಅಂದರೆ ಬೆಳಕು ಎರಡು ಪಟ್ಟು. ಹಸಿರು ಗಿಡಗಳ ಮುಂದೆ ಬಿಸಿಲಲ್ಲಿ ನಿಂತ ಬೆಳ್ಳಕ್ಕಿಗೆ ಇದರ ಉಲ್ಟಾ. ಅರ್ಧದಿಂದ ಒಂದು ಸ್ಟಾಪ್ ಇಳಿಸದಿದ್ದರೆ ಗರಿಗಳೆಲ್ಲ ಸುಣ್ಣ ಬಳಿದ ಗೋಡೆಯಂತಾಗುತ್ತವೆ.

ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬನ್ನಿ. ನೆಲದಲ್ಲಿ ಓಡಾಡುವ ಹರಟೆಮಲ್ಲಗಳಿಗಾಗಿ ನಾನು ಮೆಟ್ಟಿಲ ಮೇಲೆ ಹೊಟ್ಟೆ ಕೆಳಗಾಗಿ ಮಲಗುತ್ತೇನೆ. ನಿಂತು ತೆಗೆದ ಫೋಟೊದಲ್ಲಿ ಅವುಗಳ ಬೆನ್ನು ಮಾತ್ರ ಬರುತ್ತಿತ್ತು. ಮಲಗಿ ತೆಗೆದಾಗ ಒಂದು ಇನ್ನೊಂದರ ಕತ್ತಿನ ಗರಿ ಬಿಡಿಸುತ್ತಿರುವುದು ಕಂಡಿತು.

ಬೆಳಕಿಗೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಎಲ್ಲಕ್ಕಿಂತ ಒಳ್ಳೆಯದು. ಹಕ್ಕಿಗಳೂ ಆಗಲೇ ಚುರುಕು. ಬಿಸಿಲು ನಿಮ್ಮ ಬೆನ್ನಿಗಿರಲಿ. ದಾಸವಾಳಕ್ಕೆ ಬರುವ ಆ ಹಕ್ಕಿ, ಅದು ಸೂರಕ್ಕಿ, ನನಗೆ ತಿಂಗಳುಗಟ್ಟಲೆ ಕಪ್ಪಾಗೇ ಕಾಣುತ್ತಿತ್ತು. ಒಂದು ದಿನ ನನ್ನ ಬೆನ್ನ ಹಿಂದಿನಿಂದ ಬಿಸಿಲು ಬಂದಾಗ ಅದೇ ಹಕ್ಕಿ ನೇರಳೆ, ನೀಲಿ, ಹಸಿರು ಹೊಳೆಯಿತು. ಆ ಹೊಳಪು ಬರುವುದು ಗರಿಯ ಅತಿ ಸಣ್ಣ ರಚನೆಯ ಮೇಲೆ ಬೆಳಕು ಬಿದ್ದಾಗ. ಕೋನ ತಪ್ಪಿದರೆ ಕಪ್ಪೇ.

ಯಾವ ಹಕ್ಕಿ ಅಂತ ತಿಳಿಯುವುದು

ಅದಕ್ಕೇ ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ. ಮೊದಲು ಗಾತ್ರ. ಗುಬ್ಬಚ್ಚಿಯಷ್ಟಾ, ಮೈನಾದಷ್ಟಾ, ಕಾಗೆಯಷ್ಟಾ? ಈ ಮೂರು ಅಳತೆ ಮನಸ್ಸಿನಲ್ಲಿದ್ದರೆ ಸಾಕು. ಆಮೇಲೆ ಕೊಕ್ಕು. ದಪ್ಪ, ಗಿಡ್ಡ ಕೊಕ್ಕು ಕಾಳು ಒಡೆಯಲು, ಸಪೂರ ಕೊಕ್ಕು ಹುಳ ಹಿಡಿಯಲು, ಬಗ್ಗಿದ ತೆಳು ಕೊಕ್ಕು ಹೂವಿಗೆ. ಆಮೇಲೆ ಬಾಲ ಹೇಗಿಟ್ಟುಕೊಳ್ಳುತ್ತದೆ, ನೆಲದ ಮೇಲೆ ನಡೆಯುತ್ತದಾ ಕುಪ್ಪಳಿಸುತ್ತದಾ. ಮೈನಾ ನಡೆಯುತ್ತದೆ, ಗುಬ್ಬಚ್ಚಿ ಕುಪ್ಪಳಿಸುತ್ತದೆ. ಮಡಿವಾಳ ಹಕ್ಕಿ ಬಾಲವನ್ನು ನೆಟ್ಟಗೆ ಎತ್ತಿಕೊಂಡೇ ಓಡಾಡುತ್ತದೆ. ಟುವ್ವಿಯ ಬಾಲವೂ ಹಾಗೇ, ಆದರೆ ಅದು ಗುಬ್ಬಚ್ಚಿಗಿಂತ ಚಿಕ್ಕದು, ಬೆನ್ನು ಹಸಿರು, ನೆತ್ತಿ ಕಂದುಗೆಂಪು.

ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ತಾರೀಖು, ಹೊತ್ತು, ಎಲ್ಲಿ ಕೂತಿತ್ತು, ಏನು ಮಾಡುತ್ತಿತ್ತು. ಚಿತ್ರ ಬರೆಯಲು ಬಾರದಿದ್ದರೂ ಒಂದು ಮೊಟ್ಟೆ ಆಕಾರ ಗೀಚಿ, ಅದರ ಮೇಲೆ ಬಿಳಿ ಎಲ್ಲಿ, ಕಪ್ಪು ಎಲ್ಲಿ ಅಂತ ಗುರುತು ಹಾಕಿ. ಬರೆಯುವಾಗಲೇ ಗೊತ್ತಾಗುತ್ತದೆ, ನಾವು ಕಾಲಿನ ಬಣ್ಣ ನೋಡಿಯೇ ಇಲ್ಲ ಅಂತ. ಮರುದಿನ ಕಾಲನ್ನೇ ನೋಡುತ್ತೇವೆ.

ಬರೆದ ಮೇಲೆ ಆ್ಯಪ್ ತೆರೆಯಿರಿ, ಮೊದಲೇ ಬೇಡ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಸಂಸ್ಥೆಯವರ ಮರ್ಲಿನ್ ಆ್ಯಪ್ ಉಚಿತ. ಫೋಟೊ ಕೊಟ್ಟರೆ ಹೆಸರು ಸೂಚಿಸುತ್ತದೆ, ಕೂಗು ಕೇಳಿಸಿದರೂ ಸೂಚಿಸುತ್ತದೆ. ಆದರೆ ಅದು ಸೂಚನೆ, ತೀರ್ಪಲ್ಲ. ಬೇರೆ ಹಕ್ಕಿಯ ಕೂಗನ್ನು ಅನುಕರಿಸುವ ಹಕ್ಕಿಗಳಿವೆ, ಅಲ್ವಾ? ಕಣ್ಣಿಂದ ನೋಡಿ ಒಪ್ಪಿಗೆಯಾದರೆ ಮಾತ್ರ ಪುಸ್ತಕಕ್ಕೆ ಹಾಕಿ. ಕಂಡ ಹಕ್ಕಿಗಳ ಪಟ್ಟಿ ಇಡಲು ಅದೇ ಸಂಸ್ಥೆಯ ಇ-ಬರ್ಡ್ ಜಾಲತಾಣ ಇದೆ. 2002ರಲ್ಲಿ ಶುರುವಾದದ್ದು. ನೀವು ಹದಿನೈದು ನಿಮಿಷ ನೋಡಿ ಹಾಕಿದ ಪಟ್ಟಿಯೂ ಸಂಶೋಧಕರ ಕೆಲಸಕ್ಕೆ ಬರುತ್ತದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಅಂದರೆ ಹಿತ್ತಲ ಹಕ್ಕಿಗಳ ಎಣಿಕೆ, ನಡೆಯುತ್ತದೆ. 1998ರಿಂದ ನಡೆದುಬಂದಿದೆ. ಹಿತ್ತಲಿಂದಲೇ ಸೇರಬಹುದು. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ಹಕ್ಕಿ ಬಿಟ್ಟು ಉಳಿದ ಜೀವಿಗಳ ಹೆಸರು ತಿಳಿಯಲು ಐ-ನ್ಯಾಚುರಲಿಸ್ಟ್ ಆ್ಯಪ್ ಒಳ್ಳೆಯದು. ಉಳಿದವನ್ನು ಮರೆಯಬೇಡಿ ಅಂತಲೇ ಇದನ್ನು ಹೇಳುತ್ತಿದ್ದೇನೆ. ಗೋಡೆಯ ಮೇಲೆ ಓತಿಕ್ಯಾತ ತಲೆ ಮೇಲೆ ಕೆಳಗೆ ಮಾಡುತ್ತಿರುತ್ತದೆ. ಜೋಡಿ ಹುಡುಕುವ ಕಾಲದಲ್ಲಿ ಗಂಡಿನ ತಲೆ, ಕತ್ತು ಕೆಂಪಾಗುತ್ತದೆ. ನಿಂಬೆ ಗಿಡದ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಬಿದ್ದಿರುವುದನ್ನು ಹತ್ತಿರದಿಂದ ನೋಡಿ. ಅದು ನಿಂಬೆ ಚಿಟ್ಟೆಯ ಎಳೆಯ ಹುಳ ಇರಬಹುದು. ಹಿಕ್ಕೆ ಅಂದುಕೊಂಡು ಹಕ್ಕಿ ಬಿಟ್ಟುಹೋಗಲಿ ಅಂತ ಆ ವೇಷ. ದೊಡ್ಡದಾದ ಮೇಲೆ ಎಲೆಯಂತೆ ಹಸಿರಾಗುತ್ತದೆ. ಇನ್ನು ಅಳಿಲು. ಅದು ಬಾಲ ಕುಣಿಸುತ್ತಾ ಒಂದೇ ಸಮನೆ ಚೀಂಯ್ ಚೀಂಯ್ ಅನ್ನುತ್ತಿದ್ದರೆ ಕ್ಯಾಮೆರಾ ಎತ್ತಿಕೊಳ್ಳಿ. ಕೆಳಗೆ ಬೆಕ್ಕೋ ಹಾವೋ, ಮೇಲೆ ಗಿಡುಗನೋ ಇರಬಹುದು. ನಮ್ಮ ಹಿತ್ತಲಿಗೆ ಬಂದ ಒಂದೇ ಒಂದು ಗಿಡುಗ ನನಗೆ ಸಿಕ್ಕಿದ್ದು ಅಳಿಲು ಹೇಳಿದ್ದರಿಂದ.

ಗೂಡಿನ ಹತ್ತಿರ ಹೋಗಬೇಡಿ

ಇದನ್ನು ಬರೆಯಲು ಈಗಲೂ ಸಂಕಟ ಆಗುತ್ತದೆ. ಶುರುವಿನ ವರ್ಷ ಕೆಮ್ಮೀಸೆ ಪಿಕಳಾರ ಒಂದು ಗೂಡು ಕಟ್ಟಿತ್ತು, ಮಲ್ಲಿಗೆ ಬಳ್ಳಿಯಲ್ಲಿ, ನನ್ನ ಎದೆ ಎತ್ತರಕ್ಕೆ. ಒಳಗೆ ಮೂರು ಮರಿ. ಒಂದು ಗೊಂಚಲು ಎಲೆ ಅಡ್ಡ ಬರುತ್ತಿತ್ತು. ಕಿತ್ತಿರಲಿಲ್ಲ, ದಾರದಿಂದ ಪಕ್ಕಕ್ಕೆ ಕಟ್ಟಿದೆ. ಆರೇಳು ಫೋಟೊ ತೆಗೆದೆ. ತಾಯಿ ಹುಳ ಕಚ್ಚಿಕೊಂಡು ಬಂದು, ನನ್ನನ್ನು ನೋಡಿ, ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ಅದನ್ನೂ ಫೋಟೊ ತೆಗೆದೆ. ದಾರ ಬಿಚ್ಚುವುದು ಮರೆತೆ. ಮರುದಿನ ಮಧ್ಯಾಹ್ನ ಗೂಡು ಖಾಲಿ. ಹಿಂದಿನ ದಿನದ ಒಂದು ಫೋಟೊ ದೊಡ್ಡದು ಮಾಡಿ ನೋಡಿದರೆ ಹಿಂದೆ ಕಾಂಪೌಂಡ್ ಮೇಲೆ ಕಾಗೆ ಕೂತಿತ್ತು. ನಾನು ಎಲ್ಲಿ ನೋಡುತ್ತಿದ್ದೇನೋ ಅಲ್ಲೇ ಅದೂ ನೋಡುತ್ತಿತ್ತು.

ಎಲೆ ಅಡ್ಡ ಇರುವುದು ಮರಿಗಳಿಗೆ ನೆರಳಾಗಲಿ, ಮರೆಯಾಗಲಿ ಅಂತ. ಹಕ್ಕಿ ಬಾಯಲ್ಲಿ ಹುಳ ಇಟ್ಟುಕೊಂಡು ಗೂಡಿಗೆ ಹೋಗದೆ ಸುತ್ತುತ್ತಿದ್ದರೆ, ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಹಿಂದೆ ಸರಿಯಿರಿ. ಗೂಡಿಗೆ ಫ್ಲ್ಯಾಶ್ ಬೇಡ. ಗೂಡು ಎಲ್ಲಿದೆ ಅಂತ ಯಾರಿಗೂ ತಿಳಿಯುವ ಹಾಗೆ ಫೋಟೊ ಹಂಚಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವುದೂ ಬೇಡ. ಯಾರೋ ತನ್ನ ಜಾಗಕ್ಕೆ ನುಗ್ಗಿದ್ದಾರೆ ಅಂತ ಅದು ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ.

ನೆಲಕ್ಕೆ ಬಿದ್ದ ಮರಿ ಕಂಡರೆ ಗರಿ ಬಂದಿದೆಯಾ ನೋಡಿ. ಗರಿ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ, ತಂದೆ ತಾಯಿ ಹತ್ತಿರದಲ್ಲೇ ಇರುತ್ತವೆ. ಬೆಕ್ಕು ನಾಯಿಗಳನ್ನು ದೂರ ಇಟ್ಟು ಸುಮ್ನೆ ಬಿಟ್ಟುಬಿಡಿ. ಗರಿಯೇ ಇಲ್ಲದ ಮರಿಯಾದರೆ ಮೆಲ್ಲಗೆ ಎತ್ತಿ ಗೂಡಿಗೆ ಹಾಕಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸಿಕೊಳ್ಳುವುದಿಲ್ಲ ಅನ್ನುವ ಮಾತು ನಿಜವಲ್ಲ.

ಫೋಟೊ ಜೋಡಿಸಿಡುವುದು

ಚೆನ್ನಾಗಿ ಬಂದದ್ದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸಬೇಡಿ. ಒಂದೊಂದು ಹಕ್ಕಿಗೆ ಒಂದು ಫೋಲ್ಡರ್, ಒಳಗೆ ತಾರೀಖಿನ ಸಾಲು. ಅಷ್ಟು ಸಾಕು.

ನನಗೆ ಇದರ ಬೆಲೆ ಗೊತ್ತಾಗಿದ್ದು ಆ ಸೂರಕ್ಕಿಯಿಂದಲೇ. ಹೊಳೆಯುವ ಗಂಡು ಕೆಲವು ತಿಂಗಳಾದ ಮೇಲೆ ಕಾಣೆಯಾಯಿತು. ಅದರ ಜಾಗಕ್ಕೆ ಬೇರೊಂದು ಬಂತು. ಹೊಟ್ಟೆ ಹಳದಿ, ಬೆನ್ನು ಕಂದು, ಗಂಟಲಿಂದ ಕೆಳಕ್ಕೆ ಶಾಯಿಯಲ್ಲಿ ಎಳೆದಂತೆ ಒಂದು ಕಪ್ಪು ಗೆರೆ. ಹೊಸ ಹಕ್ಕಿ ಅಂತ ಪುಸ್ತಕದಲ್ಲಿ ಬರೆದೂಬಿಟ್ಟೆ. ಆಮೇಲೆ ಫೋಲ್ಡರಿನ ಫೋಟೊಗಳನ್ನು ಸಾಲಾಗಿಟ್ಟು ನೋಡಿದೆ. ಒಂದರಲ್ಲಿ ಪೂರ್ತಿ ನೇರಳೆ. ಎರಡು ವಾರ ಬಿಟ್ಟು ತೆಗೆದ ಮಸುಕು ಫೋಟೊದಲ್ಲಿ ಹೊಟ್ಟೆಯ ಮೇಲೆ ಹಳದಿ ತೇಪೆ. ಇನ್ನೊಂದರಲ್ಲಿ ತೇಪೆಯೇ ಜಾಸ್ತಿ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಗರಿ ಉದುರಿಸಿ ಹೆಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಆ ಗೆರೆಯೊಂದು ಉಳಿಯುತ್ತದೆ. ಅಳಿಸಬೇಕು ಅಂದುಕೊಂಡಿದ್ದ ಮಸುಕು ಫೋಟೊಗಳೇ ಅದನ್ನು ತೋರಿಸಿಕೊಟ್ಟವು.

ಈ ವಾರ ಆ ಕಪ್ಪು ಗೆರೆಯ ಹಕ್ಕಿಯ ಭುಜದಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಹೊಳಪು ಬಂದಿದೆ. ಬೆಳಿಗ್ಗೆ ಏಳೂಕಾಲಕ್ಕೆ ಬರುತ್ತದೆ, ಅದೇ ಒಣ ಕೊಂಬೆಯ ಮೇಲೆ ಕೂರುತ್ತದೆ. ವಾರಕ್ಕೊಂದು ಫೋಟೊ, ಅದೇ ಕಿಟಕಿಯಿಂದ ತೆಗೆಯುತ್ತಿದ್ದೇನೆ.