ಹಳೆಯ ಇಪಿ ರೆಕಾರ್ಡುಗಳನ್ನು ಕೂಡಿಡುವುದು ಹೇಗೆ?

ತಿಪಟೂರು ಕಡೆಯ ನಮ್ಮ ಸೋದರಮಾವ ಮೈಕ್‌ಸೆಟ್ ಇಟ್ಟಿದ್ದವರು. ಮದುವೆ, ಗಣಪತಿ ಕೂರಿಸುವುದು, ಊರಹಬ್ಬ, ಎಲ್ಲಕ್ಕೂ ಅವರದೇ ಹಾರ್ನು, ಅವರದೇ ಹಾಡು. ಅವರು ತೀರಿಕೊಂಡ ಮೇಲೆ ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಸಿದೆವು. ತುಂಬ ಇಪಿ ಎಂಬ ಏಳಿಂಚಿನ ಪುಟ್ಟ ರೆಕಾರ್ಡುಗಳು. ಮಾವ ಅವನ್ನು 'ಪ್ಲೇಟು' ಅಂತಲೇ ಕರೆಯುತ್ತಿದ್ದರು. ಲೇಬಲ್ಲಿನ ಮೇಲೆ ನೇರಳೆ ಮಸಿಯ ರಬ್ಬರ್ ಸ್ಟಾಂಪು. ಕೆಲವು ಹಾಡಿನ ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ 'ಧಾರೆ', 'ಊಟ', 'ಹೆಣ್ಣು ಕಳಿಸುವಾಗ'. ಯಾವ ಹೊತ್ತಿಗೆ ಯಾವ ಹಾಡು ಎಂಬ ಲೆಕ್ಕ ಅದು. ನನ್ನ ಸಂಗ್ರಹ ಶುರುವಾದದ್ದು ಆ ಪೆನ್ಸಿಲ್ ಗುರುತುಗಳಿಂದ. ಈಗ ನಿಮಗೂ ಇಂಥದೊಂದು ಟ್ರಂಕು ಸಿಕ್ಕಿದ್ದರೆ, ಅಥವಾ ಹೊಸದಾಗಿ ಕೂಡಿಸುವ ಆಸೆಯಿದ್ದರೆ, ನಾನು ಕಲಿತದ್ದನ್ನು ಹಂತಹಂತವಾಗಿ ಹೇಳುತ್ತೇನೆ.

ಮೊದಲು, ಕೈಯಲ್ಲಿರುವುದು ಏನೆಂದು ತಿಳಿಯಿರಿ

ಹಳೆಯ ತಟ್ಟೆಗಳೆಲ್ಲ ಒಂದೇ ಜಾತಿಯವಲ್ಲ. ಹತ್ತಿಂಚಿನ, ಭಾರವಾದ, ಕೈಜಾರಿದರೆ ಹಂಚಿನಂತೆ ಒಡೆಯುವ ತಟ್ಟೆ ಅರಗಿನದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. ಇದು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ, ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಒಂದು ಹಾಡು. ಏಳಿಂಚಿನ, ಹಗುರವಾದ, ಸ್ವಲ್ಪ ಬಾಗುವ ತಟ್ಟೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು; ಇದಕ್ಕೆ 45 ಸುತ್ತು. ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ 1949ರಲ್ಲಿ ತಂದ ರೂಪ ಇದು. ನಮ್ಮಲ್ಲಿ ಸಿನಿಮಾ ಹಾಡುಗಳು ಹೆಚ್ಚಾಗಿ ಬಂದದ್ದು ಇಪಿ ಎಂಬ ಹೆಸರಿನಲ್ಲಿ: ಮಗ್ಗುಲಿಗೆ ಎರಡರಂತೆ ನಾಲ್ಕು ಹಾಡು. ಒಂದು ಚಿತ್ರದ ಮುಖ್ಯ ಹಾಡುಗಳೆಲ್ಲ ಒಂದೇ ತಟ್ಟೆಯಲ್ಲಿ ಮುಗಿಯುತ್ತಿದ್ದವು.

45 ಬಂದ ತಕ್ಷಣ 78 ಹೋಗಲಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಕೀಲಿ ಕೊಡುವ ಗ್ರಾಮಫೋನೇ ಇತ್ತಲ್ಲ. 1960ರ ದಶಕದಲ್ಲೂ ಭಾರತದಲ್ಲಿ ಬೀಟಲ್ಸ್ ತಂಡದ ಹಾಡುಗಳನ್ನು 78ರ ತಟ್ಟೆಗಳಾಗಿ ಅಚ್ಚು ಹಾಕಿದ್ದಾರೆ. ಹಾಗಾಗಿ ಆ ಕಾಲದ ಒಂದೇ ಹಾಡು ಎರಡೂ ರೂಪದಲ್ಲಿ ಸಿಕ್ಕರೆ ಅನುಮಾನ ಪಡಬೇಡಿ.

ಕೆಲವು ಏಳಿಂಚಿನ ತಟ್ಟೆಗಳ ನಡುವೆ ಸಣ್ಣ ತೂತಿನ ಬದಲು ಸುಮಾರು 38 ಮಿಲಿಮೀಟರಿನ ದೊಡ್ಡ ತೂತು ಇರುತ್ತದೆ. ಕಾಸು ಹಾಕಿದರೆ ಬೇಕಾದ ಹಾಡು ಹಾಕುವ ಯಂತ್ರ, ಜ್ಯೂಕ್‌ಬಾಕ್ಸಿಗೆ ಹೊಂದುವಂಥವು. ತೂತಿಗೆ ಕೂರಿಸುವ ಪ್ಲಾಸ್ಟಿಕ್ ಬಿಲ್ಲೆ ಕಡಿಮೆ ಬೆಲೆಗೆ ಸಿಗುತ್ತದೆ.

ಲೇಬಲ್ ಓದುವುದನ್ನು ಕಲಿಯಿರಿ

ನಾಯಿಯ ಚಿತ್ರದ ಎಚ್‌ಎಂವಿಯನ್ನು ಎಲ್ಲರೂ ಗುರುತಿಸುತ್ತಾರೆ. ಕೊಲ್ಕತ್ತದ ಡಮ್‌ಡಮ್ ಕಾರ್ಖಾನೆಯಲ್ಲಿ ಅಚ್ಚಾಗಿ ಬರುತ್ತಿದ್ದ ತಟ್ಟೆಗಳು ಅವು. ಆ ಗ್ರಾಮಫೋನ್ ಕಂಪನಿಯೇ ಇಂದಿನ ಸರೆಗಮ. ಅದರ ಜೊತೆಗೆ ಕೊಲಂಬಿಯಾ, ಓಡಿಯನ್, ಪಾಲಿಡೋರ್, ಇನ್‌ರೆಕೋ ಲೇಬಲ್ಲುಗಳೂ ಕಣ್ಣಿಗೆ ಬೀಳುತ್ತವೆ. ಲೇಬಲ್ಲಿನ ಸುತ್ತ, ಹಾಡಿನ ಗೆರೆ ಮುಗಿದ ಮೇಲೆ ಉಳಿಯುವ ನುಣುಪು ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಅಲ್ಲಿ ಸಣ್ಣದಾಗಿ ಕೊರೆದ ಅಂಕಿಗಳಿರುತ್ತವೆ. ಅಚ್ಚಿನ ಸಂಖ್ಯೆ ಅದು. ಲೇಬಲ್ ಹರಿದುಹೋದ ತಟ್ಟೆಯ ಗುರುತು ಹತ್ತುವುದು ಇದರಿಂದಲೇ.

ಗಾಯಕರ ಹೆಸರೂ ಕಾಲ ಹೇಳುತ್ತದೆ. ರಾಜ್‌ಕುಮಾರ್ ಚಿತ್ರದ ತಟ್ಟೆಯಲ್ಲಿ ಪಿ. ಬಿ. ಶ್ರೀನಿವಾಸ್ ಹೆಸರಿದ್ದರೆ ಅದು ಬಹುಪಾಲು 1974ಕ್ಕಿಂತ ಹಿಂದಿನದು. ಆ ವರ್ಷದ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜ್ ತಾವೇ ಹಾಡಿದರು, ಆಮೇಲೆ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ನನ್ನ ಕಪಾಟಿನಲ್ಲಿ ಆ ಗಡಿಯನ್ನು ಬೆರಳಿಟ್ಟು ತೋರಿಸಬಹುದು.

ತೀರಾ ಹಳೆಯ 78ರ ತಟ್ಟೆ ಸಿಕ್ಕರೆ ಕೊನೆಯವರೆಗೂ ಕೇಳಿ. ಶುರುವಿನ ಕಾಲದಲ್ಲಿ ಹಾಡಿದವರು ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಧ್ವನಿ ಹಿಡಿದದ್ದು ಇಲ್ಲಿ, ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ಹಾಡು ಎಂದು ಅಲ್ಲಿನವರಿಗೆ ತಿಳಿಯಬೇಕಿತ್ತು. 1902ರಲ್ಲಿ ಕೊಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್ ಹೀಗೆ ಹೆಸರು ಹೇಳಿದವರಲ್ಲಿ ಪ್ರಸಿದ್ಧರು. ಅವರು ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದಾಗ. ಆ ಹೆಸರು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಎಲ್ಲಿ ಹುಡುಕಬೇಕು?

ಅಂಗಡಿಗೆ ಮೊದಲು ನೆಂಟರ ಮನೆ. ಅಟ್ಟ, ಮಂಚದಡಿ, ಹಳೆ ರೇಡಿಯೋ ಪೆಟ್ಟಿಗೆಯ ಕೆಳಗಿನ ಗೂಡು. ಆಮೇಲೆ ಸಣ್ಣ ಊರುಗಳ ಮೈಕ್‌ಸೆಟ್‌ನವರು. ಕನ್ನಡದ ಇಪಿಗಳನ್ನು ಇವರಷ್ಟು ಕೊಂಡವರು, ಇವರಷ್ಟು ಹಾಕಿದವರು ಬೇರೆ ಇಲ್ಲ ಎಂಬುದು ನನ್ನ ಅನುಭವ. ತಟ್ಟೆಗಳು ಸವೆದಿರುತ್ತವೆ, ನಿಜ. ಆದರೆ ಟೆಂಟ್ ಸಿನಿಮಾದ ಹಾರ್ನಿನಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಕೇಳಿದರೆ ಇನ್ನೇನು ಆಟ ಶುರು ಎಂದು ಉಣ್ಣುವ ಕೈ ತೊಳೆದು ಓಡಿದ ಊರುಗಳು ಇವು. ಅಲ್ಲಿ ತಿರುಗಿದ ತಟ್ಟೆ ಹೊಸದರಂತೆ ಇರಬೇಕೆಂದು ಹೇಗೆ ಕೇಳುವುದು?

ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆ ಮತ್ತು ಗುಜರಿ ಅಂಗಡಿಗಳು. ಬೆಳಿಗ್ಗೆ ಬೇಗ ಹೋಗಿ. ಚೆನ್ನೈಯಲ್ಲೂ ಕನ್ನಡದ ತಟ್ಟೆಗಳು ಸಿಗುತ್ತವೆ. ನಮ್ಮ ಸಿನಿಮಾ ಹಾಡುಗಳು ಬಹುಕಾಲ ಧ್ವನಿಮುದ್ರಣವಾದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ ತಾನೆ.

ಅಂಚೆಯಲ್ಲಿ ತರಿಸುವುದಾದರೆ ತಟ್ಟೆಯ ಎರಡೂ ಬದಿಗೆ ದಪ್ಪ ರಟ್ಟು ಇಟ್ಟು ಕಳಿಸಲು ಹೇಳಿ.

ಕೊಳ್ಳುವ ಮುನ್ನ ನೋಡಬೇಕಾದ್ದು

ಕವರಿನಿಂದ ಹೊರಗೆ ತೆಗೆದು ಅಂಚು ಮತ್ತು ಲೇಬಲ್ ಹಿಡಿದು ನೋಡಿ, ಗೆರೆಗಳ ಮೇಲೆ ಬೆರಳಿಡಬೇಡಿ. ಬಿಸಿಲಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಕೂದಲೆಳೆಯಂಥ ಗೀರು ಚಟಪಟ ಸದ್ದು ಮಾಡೀತು, ಅಷ್ಟೆ. ಉಗುರು ತಗುಲುವಷ್ಟು ಆಳವಿದ್ದರೆ ಗೆರೆಯಲ್ಲಿ ಓಡುವ ಪ್ಲೇಯರಿನ ಮುಳ್ಳು ಹಾರುತ್ತದೆ, ಇಲ್ಲವೇ ಒಂದೇ ಮಾತನ್ನು ಮತ್ತೆಮತ್ತೆ ಹೇಳಿಸುತ್ತದೆ. ಹೊಳಪು ಪೂರ್ತಿ ಹೋಗಿ ಬೂದಿ ಬಣ್ಣಕ್ಕೆ ತಿರುಗಿದ ತಟ್ಟೆಯಲ್ಲಿ ಗೆರೆಯೇ ಸವೆದಿರುವ ಸಾಧ್ಯತೆ ಹೆಚ್ಚು; ತೊಳೆದರೆ ಸರಿಹೋಗುವುದಿಲ್ಲ. ಕಣ್ಣಮಟ್ಟಕ್ಕೆ ಅಡ್ಡ ಹಿಡಿದು ಸೊಟ್ಟಗಾಗಿದೆಯೇ ನೋಡಿ.

ಕವರು ಅತಿ ಬೆಳ್ಳಗೆ, ಅಂಚು ಅತಿ ಚೂಪಾಗಿದ್ದರೆ ಅದು ಕಲರ್ ಜೆರಾಕ್ಸ್ ಇರಬಹುದು. 'ಬಹಳ ಅಪರೂಪದ್ದು ಸಾರ್' ಎಂಬ ಮಾತಿಗೆ ಹಣ ಕೊಡಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಗುನುಗಿದ ಹಾಡು ಅದರಲ್ಲಿದ್ದರೆ ಕೊಡಿ. ಮಾರಿ ಲಾಭ ಮಾಡುವ ಯೋಚನೆಯಿಂದ ಇದಕ್ಕೆ ಇಳಿಯುವವರಿಗೆ ನನ್ನಲ್ಲಿ ಹೇಳಲು ಏನೂ ಇಲ್ಲ.

ತೊಳೆಯುವುದು

ವಿನೈಲಿಗೆ ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ. ಮೆತ್ತನೆಯ ಬಟ್ಟೆಯಿಂದ ಗೆರೆ ಹೋದ ದಿಕ್ಕಿನಲ್ಲೇ, ಸುತ್ತಲೂ ಒರೆಸಿ. ಅಡ್ಡ ಉಜ್ಜಬೇಡಿ. ಲೇಬಲ್ಲಿಗೆ ನೀರು ತಾಗಬಾರದು, ರಬ್ಬರ್ ಸ್ಟಾಂಪಿನ ಮಸಿ ಕ್ಷಣದಲ್ಲಿ ಹರಡುತ್ತದೆ. ಮತ್ತೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ.

ಅರಗಿನ ತಟ್ಟೆಗೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಮರಕ್ಕೆ ಪಾಲಿಶ್ ಹಾಕುವವರು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುವುದು. ಇದು ತಿಳಿಯದೆ ಮಾವನ ಟ್ರಂಕಿನಲ್ಲಿದ್ದ ಒಂದೇ ಒಂದು ಭಾವಗೀತೆಯ 78ರ ತಟ್ಟೆಯನ್ನು ನಾನು ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಿಡುತ್ತಿದೆ ಎಂದುಕೊಂಡು ಇನ್ನೂ ಒರೆಸಿದೆ. ಬಿಡುತ್ತಿದ್ದದ್ದು ಹಾಡು. ಆ ತಟ್ಟೆ ಮತ್ತೆ ಸಿಕ್ಕಿಲ್ಲ.

ಹಾಕಿ ಕೇಳುವುದು

ಮನೆಯಲ್ಲಿ ಹಳೆಯ ಎಚ್‌ಎಂವಿ ಫಿಯೆಸ್ಟಾದಂಥ ಪ್ಲೇಯರ್ ಇದ್ದರೆ ಜೋಪಾನ ಮಾಡಿ, ಆದರೆ ಅದರಲ್ಲಿರುವ ಸವೆದ ಮುಳ್ಳಿನಿಂದ ತಟ್ಟೆ ಹಾಕಬೇಡಿ. ಕೆಟ್ಟ ಮುಳ್ಳು ಒಂದು ಸಲಕ್ಕೇ ಗೆರೆಯನ್ನು ಕೆರೆದುಬಿಡಬಹುದು. 45ಕ್ಕೂ 78ಕ್ಕೂ ಮುಳ್ಳು ಬೇರೆ: ವಿನೈಲಿನ ಗೆರೆಗೆ ತುದಿ ಸುಮಾರು 18 ಮೈಕ್ರಾನ್, ಅರಗಿನ ಅಗಲ ಗೆರೆಗೆ ಸುಮಾರು 75 ಮೈಕ್ರಾನ್. ಹೊಸ ಪ್ಲೇಯರ್ ಕೊಳ್ಳುವಾಗ ಮುಳ್ಳಿನ ಭಾರ ಹೊಂದಿಸಲು ಬರುತ್ತದೆಯೇ ಕೇಳಿ. ಎರಡು ಗ್ರಾಮಿನ ಆಸುಪಾಸು ಇದ್ದರೆ ಒಳ್ಳೆಯದು. ಸೂಟ್‌ಕೇಸಿನಂಥ ಅಗ್ಗದ ಪ್ಲೇಯರ್‌ಗಳಲ್ಲಿ ಭಾರ ಹೆಚ್ಚು. ಆಂಪ್ಲಿಫೈಯರಿನಲ್ಲಿ 'ಫೋನೋ' ಎಂಬ ಜಾಗ ಇಲ್ಲದಿದ್ದರೆ ಮುಳ್ಳಿನಿಂದ ಬರುವ ಸಣ್ಣ ಸದ್ದನ್ನು ಹಿಗ್ಗಿಸಿಕೊಡುವ ಪೆಟ್ಟಿಗೆ, ಫೋನೋ ಪ್ರಿಆಂಪ್ ಬೇಕು. ಇಲ್ಲದೆ ಜೋಡಿಸಿದರೆ ಸದ್ದು ಕ್ಷೀಣವಾಗಿ, ತಗಡಿನಂತೆ ಬರುತ್ತದೆ.

ಅಮೆರಿಕದಿಂದ ನೆಂಟರು ತಂದುಕೊಡುವ ಹಳೆಯ ಪ್ಲೇಯರ್ ಬಗ್ಗೆ ಒಂದು ಮಾತು. ಅಲ್ಲಿನ ಕರೆಂಟು 60 ಹರ್ಟ್ಸ್, ಇಲ್ಲಿನದು 50. ಕರೆಂಟಿನ ಲಯಕ್ಕೇ ತಿರುಗುವ ಹಳೆ ಮೋಟಾರು ಇಲ್ಲಿ 45ರ ಬದಲು ಸುಮಾರು 37 ಸುತ್ತು ತಿರುಗುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿಮಾಡೀತು, ಇದನ್ನಲ್ಲ. ಜಾನಕಿಯವರ ದನಿ ಗಂಡುದನಿಯಂತೆ ಕೇಳಿದರೆ ತಟ್ಟೆಯನ್ನು ದೂರಬೇಡಿ.

ಇಡುವುದು

ಪುಸ್ತಕದಂತೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲು ಬೀಳದ ಗೋಡೆ. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿದೊಡನೆ ಕವರುಗಳನ್ನು ಬಿಡಿಸಿ ನೆರಳಲ್ಲಿ ಗಾಳಿಗೆ ಹರಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಕೇಳಿ, ಬರೆದಿಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ನೋಟ್‌ಬುಕ್ ಇಡಿ. ಪ್ರತಿ ತಟ್ಟೆಗೂ ಒಂದು ಪುಟ: ಲೇಬಲ್, ಸಂಖ್ಯೆ, ಯಾರಿಂದ ಬಂತು, ಅವರು ಅದನ್ನು ಎಲ್ಲಿ ಕೊಂಡರು, ಯಾವಾಗ ಹಾಕುತ್ತಿದ್ದರು. ಮಾರುವವರನ್ನು ಅಲ್ಲೇ ಕೇಳಿ. ಮನೆಗೆ ಬಂದ ಮೇಲೆ ಕೇಳಲು ಆಗುವುದಿಲ್ಲ. ಸ್ಟಾಂಪು, ಸಹಿ, ಪೆನ್ಸಿಲ್ ಗುರುತು, 'ಚಿ. ಸೌ. ಇವರಿಗೆ ಮದುವೆಯ ಉಡುಗೊರೆ' ಎಂಬ ಬರಹ, ಯಾವುದನ್ನೂ ಅಳಿಸಬೇಡಿ. ಇಂಥ ಬರಹವಿದ್ದರೆ ತಟ್ಟೆಯ ಬೆಲೆ ಇಳಿಯಿತು ಎನ್ನುವ ವ್ಯಾಪಾರಿಗಳಿದ್ದಾರೆ. ಇಳಿಯಲಿ, ನಮಗೇ ಒಳ್ಳೆಯದು.

ಹಾಡನ್ನು ಕಂಪ್ಯೂಟರಿಗೆ ಇಳಿಸಿಡುವುದೂ ಈ ಕೆಲಸದ ಭಾಗವೇ. ಪ್ರಿಆಂಪಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ವೇವ್ ಕಡತವಾಗಿ ಉಳಿಸಿ. ಚಟಪಟ ಸದ್ದು ತೆಗೆಯುವ ಮುನ್ನ ಇದ್ದದ್ದು ಇದ್ದಂತೆ ಒಂದು ಪ್ರತಿ ಎತ್ತಿಡಿ. ಮನೆಯ ಬಳಕೆಗೆ ಸರಿ. ಊರಿಗೆಲ್ಲ ಹಂಚುವ ಮುನ್ನ ಯೋಚಿಸಿ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ.

ಆ ಚಟಪಟ ಇರುವ ಪ್ರತಿ ಯಾಕೆ ಬೇಕು ಎನ್ನುವುದಕ್ಕೆ ನಮ್ಮ ಮನೆಯದೇ ಒಂದು ಸಂಗತಿ ಇದೆ. ಅಮ್ಮ ಮದುವೆಗೆ ಮೊದಲು ಅಣ್ಣನ ಪ್ಲೇಟುಗಳನ್ನು ದಿನವೂ ಕೇಳಿ ಬೆಳೆದವರು. ಅವರಿಗೆ ತುಂಬ ಇಷ್ಟದ ಒಂದು ತಟ್ಟೆಯಲ್ಲಿ ಎರಡನೇ ಚರಣದ ನಡುವೆ ಆಳವಾದ ಗೀರು. ಮುಳ್ಳು ಅಲ್ಲಿ ಅರ್ಧ ಸಾಲು ಹಾರಿ ಮುಂದಕ್ಕೆ ಬೀಳುತ್ತಿತ್ತು. ಕಳೆದ ವರ್ಷ ಭಾನುವಾರದ ಸಂತೆಯಲ್ಲಿ ಅದೇ ಇಪಿಯ ಚೊಕ್ಕ ಪ್ರತಿ ಸಿಕ್ಕಿತು. ತಂದು ತೊಳೆದು, ಅಮ್ಮನನ್ನು ಕೂರಿಸಿ ಹಾಕಿದೆ. ಅವರು ಕಣ್ಣು ಮುಚ್ಚಿ ಜೊತೆಗೇ ಗುನುಗುತ್ತಿದ್ದರು. ಎರಡನೇ ಚರಣ ಬಂತು. ಹಾಡು ತನ್ನ ಪಾಡಿಗೆ ಸಾಗಿತು, ಅಮ್ಮ ಅರ್ಧ ಸಾಲು ಹಾರಿ ಮುಂದಕ್ಕೆ ಹೋಗಿಬಿಟ್ಟರು. ಕಣ್ಣು ಬಿಟ್ಟು, 'ಅಲ್ಲೇನೋ ಸೇರಿಸಿದಾರೆ ಕಣೋ, ಅಣ್ಣಂದು ಹಾಕು' ಅಂದರು.